ಹಾಜಿಯ ಒಳಗೋಡೆಗೆ ನಾನು ಬಡಿದ ಹಳದಿ

ಹಳೆಯ ಯಂತ್ರಗಳನ್ನು ಕಾಪಾಡುವ ಕೆಲಸಕ್ಕೆ ಸೇರುವವರಿಗೆ ತುಕ್ಕಿನ ಬಗ್ಗೆ, ಗ್ರೀಸಿನ ಬಗ್ಗೆ, ಮರಳು ಎಲ್ಲೆಲ್ಲಿ ನುಗ್ಗುತ್ತದೆ ಎನ್ನುವುದರ ಬಗ್ಗೆ ಹೇಳಿಕೊಡಲು ಈಗ ಕೋರ್ಸುಗಳೇ ಇವೆ. ಹೊಟ್ಟೆಕಿಚ್ಚಿನ ಬಗ್ಗೆ ಹೇಳಿಕೊಡುವವರು ಮಾತ್ರ ಯಾರೂ ಇಲ್ಲ. ನಾನು ಕುವೈತಿನಲ್ಲಿ ಇಪ್ಪತ್ತು ವರ್ಷದ ಮೇಲೆ ಮೆಕ್ಯಾನಿಕ್ ಆಗಿದ್ದವನು. ಅದರಲ್ಲಿ ಕೊನೆಯ ಅರ್ಧದಷ್ಟು ಕಾಲ ಓಡದ ಯಂತ್ರಗಳನ್ನು ಕಾಯುವುದೇ ನನ್ನ ಕೆಲಸವಾಗಿತ್ತು. ಈಗ ಕಾರ್ಕಳದಲ್ಲಿ ಸುಮ್ಮನೆ ಕೂತಿದ್ದೇನೆ. ಬೇರೆ ಯಾವುದರಲ್ಲಿ ಅಲ್ಲದಿದ್ದರೂ ಹೊಟ್ಟೆಕಿಚ್ಚಿನ ವಿಷಯದಲ್ಲಿ ನನ್ನ ಅನುಭವ ದೊಡ್ಡದು, ಹಾಗಾಗಿ ಅದನ್ನೇ ಬರೆಯುತ್ತೇನೆ.

ಕುವೈತಿನಲ್ಲಿ ಕಲ್ಲಿದ್ದಲು ಇಲ್ಲ, ಕಬ್ಬಿಣದ ಅದಿರೂ ಇಲ್ಲ. ಎಣ್ಣೆ ಬಿಟ್ಟರೆ ನೆಲ ಅಗೆದು ತೆಗೆಯುತ್ತಿದ್ದದ್ದು ಜಲ್ಲಿ. ಯುದ್ಧ ಮುಗಿದ ಮೇಲೆ ಇಡೀ ದೇಶ ಮನೆ, ರಸ್ತೆ, ಸೇತುವೆ ಎಂದು ಕಟ್ಟಿಕೊಳ್ಳುತ್ತಿದ್ದ ಕಾಲ. ಆಗ ನಾನು ಊರು ಬಿಟ್ಟು ವಾಯವ್ಯದ ಮರುಭೂಮಿಯಲ್ಲಿದ್ದ ಒಂದು ಜಲ್ಲಿ ಕ್ವಾರಿಗೆ ಮೆಕ್ಯಾನಿಕ್ ಆಗಿ ಹೋದೆ. ಅಲ್ಲಿ ಒಂದು ಕ್ರಷರ್ ಇತ್ತು, ಉದ್ದದ ಒಂದು ಬೆಲ್ಟ್ ಇತ್ತು, ಮತ್ತೆ ಒಂದು ಡ್ರ್ಯಾಗ್‌ಲೈನ್. ಡ್ರ್ಯಾಗ್‌ಲೈನ್ ಅಂದರೆ ಮೂರು ಆಳೆತ್ತರದ ಕ್ಯಾಬಿನ್, ಮುಂದೆ ಚಾಚಿದ ಉದ್ದ ತೋಳು, ಆ ತೋಳಿನಿಂದ ಉಕ್ಕಿನ ಹಗ್ಗದಲ್ಲಿ ಬಕೆಟ್ ಎಸೆದು ನೆಲವನ್ನು ಬಾಚಿ ಎಳೆಯುವ ಯಂತ್ರ. ಬಹಳ ಹಳೆಯದು. ಎಷ್ಟು ಹಳೆಯದು ಎಂದರೆ ಆಪರೇಟರುಗಳು ಅದನ್ನು ಗೌರವದಿಂದ ಹಾಜಿ ಎಂದು ಕರೆಯುತ್ತಿದ್ದರು. ಹಾಜಿಯ ಇಂಜಿನ್ ಕೆಮ್ಮಿದರೆ ನನಗೆ ಅರ್ಧ ಮೈಲಿ ದೂರದಲ್ಲಿ ಚಾ ಕುಡಿಯುತ್ತಾ ಕೂತಲ್ಲಿಂದಲೇ ಏನಾಗಿದೆ ಎಂದು ಗೊತ್ತಾಗುತ್ತಿತ್ತು. ಇದು ಜಂಬವಲ್ಲ. ಸ್ವಲ್ಪ ಜಂಬವೂ ಹೌದು.

ನೆಲ ಗುಂಡಿ ಬಿದ್ದು, ಗಿಡ ಸತ್ತು, ಎಲ್ಲಿ ನೋಡಿದರೂ ಧೂಳೇ ಆದ ಮೇಲೆ ಸರ್ಕಾರ ಕ್ವಾರಿ ಮುಚ್ಚಿಸಿತು. ಮೀಸಲು ಜಾಗ ಎಂದು ಸುತ್ತ ಬೇಲಿ ಬಿತ್ತು. ಕುರಿ, ಒಂಟೆ, ಚಳಿಗಾಲದ ಟೆಂಟು ಯಾವುದಕ್ಕೂ ಒಳಗೆ ಪ್ರವೇಶ ಇಲ್ಲ. ಎರಡು ಮಳೆಗಾಲಕ್ಕೆ ಅರ್ಫಜ್ ಗಿಡಗಳು ತಾವಾಗಿ ಎದ್ದವು. ಗುಂಡಿಗಳಲ್ಲಿ ನೀರು ನಿಂತು ಹಕ್ಕಿಗಳು ಬಂದವು. ಯಂತ್ರಗಳನ್ನು ಗುಜರಿಗೆ ಹಾಕುವುದೆಂದೇ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಆ ಮೀಸಲು ಜಾಗದ ಮುದೀರ್, ಅಂದರೆ ಮ್ಯಾನೇಜರ್, ಅಬು ನಾಸರ್ ಎಂಬ ಕುವೈತಿ ಇಂಜಿನಿಯರ್, ಇವು ಇಲ್ಲೇ ಇರಲಿ ಎಂದರು. ಈ ನೆಲಕ್ಕೆ ನಾವು ಏನು ಮಾಡಿದೆವು ಎಂದು ಶಾಲೆಯ ಮಕ್ಕಳು ಬಂದು ನೋಡಬೇಕು ಎನ್ನುವುದು ಅವರ ಆಸೆ. ನಮ್ಮ ಕಂಪೆನಿಗೆ ಅವುಗಳನ್ನು ಕಾಯುವ ಗುತ್ತಿಗೆ ಸಿಕ್ಕಿತು. ಅದರ ಇನ್‌ಚಾರ್ಜ್ ನಾನಲ್ಲದೆ ಇನ್ಯಾರು ಎಂದು ನಾನು ಖೈತಾನ್ ಪೇಟೆಯಲ್ಲಿದ್ದ ಮನೆಗೆ ಹೋಗಿ ಹೆಂಡತಿ ಸುಮತಿಗೆ ಹೇಳಿಯೂ ಆಗಿತ್ತು.

ಮರುವಾರ ಅಬು ನಾಸರ್ ಜೀಪಿನಲ್ಲಿ ಒಬ್ಬನನ್ನು ಕೂರಿಸಿಕೊಂಡು ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು, ಕಿಸೆಯಲ್ಲಿ ಎರಡು ಪೆನ್ನು. "ಸದಾ, ಇದು ಹಿಲರಿ. ಮಶೀನುಗಳಿಗೆ ಇವನು ಇನ್‌ಚಾರ್ಜ್. ನೀನು ಇವನಿಗೆ ಹೆಲ್ಪ್. ಯಲ್ಲಾ, ಶುರು ಮಾಡಿ" ಎಂದು ಹೇಳಿ ಜೀಪ್ ತಿರುಗಿಸಿಕೊಂಡು ಹೋದರು. ನನ್ನ ಜೀವನದ ಅತಿ ಚಿಕ್ಕ ಮೀಟಿಂಗ್ ಅದು.

ಹಿಲರಿ ಕುವೈತಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಶ್ರೀಮಂತರ ಹಳೆಯ ಕಾರುಗಳನ್ನು ರಿಪೇರಿ ಮಾಡಿಕೊಂಡಿದ್ದವನು. ನನಗಿಂತ ಆರು ವರ್ಷ ಸಣ್ಣವನು. ಕೈ ಮುಂದೆ ಮಾಡಿ, "ಸದಾಶಿವಣ್ಣ, ನೀವು ಕಾರ್ಕಳದವರಂತೆ. ನಾನು ಶಿರ್ವದವ. ನಮ್ಮ ಊರಿನವರೇ ಸಿಕ್ಕಿದ್ದು ನನಗೆ ದೊಡ್ಡ ಧೈರ್ಯ ಆಯ್ತು" ಎಂದ.

"ಹೌದಾ" ಎಂದು ಅಷ್ಟೇ ಹೇಳಿ ನಾನು ಕೈ ಒರೆಸಲು ಹಳೆ ಬಟ್ಟೆ ಹುಡುಕಿದೆ. ಕೈ ಕೊಡಲೇ ಇಲ್ಲ. ಆ ಬಟ್ಟೆ ನನ್ನ ಹೆಗಲ ಮೇಲೆಯೇ ಇತ್ತು.

ಅವನ ಕೆಲಸದ ರೀತಿ ನೋಡಿ ಮೊದಲು ನಗು ಬಂತು. ನಾವು ಕ್ವಾರಿಯಲ್ಲಿ ಯಂತ್ರ ತೊಳೆಯುತ್ತಿದ್ದದ್ದು ಡೀಸೆಲಿನಲ್ಲಿ, ತುಕ್ಕು ತೆಗೆಯುತ್ತಿದ್ದದ್ದು ವೈರ್ ಬ್ರಷ್ಷಿನಲ್ಲಿ. ಅವನು ಬಂದವನೇ ಡೀಸೆಲ್ ಬಂದ್ ಮಾಡಿದ. ಅದು ಮಣ್ಣಿಗೆ ಇಳಿದರೆ ಗಿಡಕ್ಕೆ ಆಗುವುದಿಲ್ಲವಂತೆ. ತುಕ್ಕು ಎಲ್ಲವನ್ನೂ ತೆಗೆಯಬಾರದಂತೆ, ಗಟ್ಟಿಯಾಗಿ ಕೂತ ತುಕ್ಕಿನ ಮೇಲೆ ಮೇಣ ಹಚ್ಚಬೇಕಂತೆ. ತಗ್ಗಿದ್ದ ತಗಡನ್ನು ಬಡಿದು ಸರಿ ಮಾಡಲು ನಾನು ಸುತ್ತಿಗೆ ಎತ್ತಿದರೆ, "ಬೇಡ ಅಣ್ಣ, ಆ ಪೆಟ್ಟು ಅದಕ್ಕೆ ಕೆಲಸ ಮಾಡುವಾಗ ಬಿದ್ದದ್ದು. ಇರ್ಲಿ" ಎನ್ನುತ್ತಿದ್ದ. ಪ್ರತಿ ಗುರುವಾರ ಹಾಜಿಯ ಇಂಜಿನನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಪುಸ್ತಕದಲ್ಲಿ ಬರೆದಿಡುವುದು ಬೇರೆ. ಆ ಕೋರ್ಸುಗಳಲ್ಲಿ ಈಗ ಕಲಿಸುವುದು ಇದೇ ರೀತಿ. ಇದೇ ಸರಿ. ಆಗ ಅದು ಸರಿ ಎಂದು ನನಗೂ ಒಂದು ತಿಂಗಳಲ್ಲಿ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಹೆಚ್ಚು ಉರಿಯಿತು.

"ಮಗುವಿಗೆ ಪೌಡರ್ ಹಾಕಿ ಆಯ್ತಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದೆ.

"ಇನ್ನೂ ಸ್ನಾನವೇ ಆಗ್ಲಿಲ್ಲ ಸದಾಶಿವಣ್ಣ" ಎಂದು ಅವನು ನಗುತ್ತಿದ್ದ. ಮುಖ ಊದಿಸಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದು ವಸಂತದಲ್ಲಿ ಹಾಜಿಯ ಎಡಗಡೆ ಚೈನ್ ಚಕ್ರದ ಅಡಿಗೆ ಧಬ್ ಒಂದು ಬಿಲ ತೋಡಿತು. ಧಬ್ ಎಂದರೆ ಮುಳ್ಳುಬಾಲದ ದಪ್ಪ ಹಲ್ಲಿ, ನಮ್ಮ ಉಡದ ಹಾಗೆ. ವರ್ಷಕ್ಕೊಮ್ಮೆ ಇಂಜಿನ್ ಸ್ಟಾರ್ಟ್ ಮಾಡುವ ದಿನ ಹತ್ತಿರ ಬಂದಿತ್ತು. ಅದೊಂದು ದಿನಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ, ಯಾಕೆಂದರೆ ಹಾಜಿಯನ್ನು ಎಬ್ಬಿಸಲು ನನ್ನ ಕೈಯೇ ಆಗಬೇಕಿತ್ತು. ಹಿಲರಿ ಅಬು ನಾಸರ್ ಬಳಿ ಹೋಗಿ ಈ ವರ್ಷ ಸ್ಟಾರ್ಟ್ ಬೇಡ, ನೆಲ ಅದುರಿದರೆ ಬಿಲ ಕುಸಿಯುತ್ತದೆ ಎಂದ. ಅವರು ಅವನ ಬೆನ್ನು ತಟ್ಟಿದರು. ನನಗೆ ಆ ವರ್ಷ ಒಂದು ಹಲ್ಲಿಯ ಮೇಲೂ ಹೊಟ್ಟೆಕಿಚ್ಚಾಯಿತು.

ನನಗೂ ಒಂದು ದಿನ ಬಂತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಶಾಲೆಯ ಮಕ್ಕಳಿಗೆ ತೋರಿಸಲು ಕ್ರಷರನ್ನು ಖಾಲಿಯಾಗಿ ತಿರುಗಿಸುತ್ತಿದ್ದಾಗ ನನ್ನ ಕಿವಿಗೆ ಒಂದು ಬೇರಿಂಗ್ ಒಣಗಿದ ಹಾಗೆ ಕೇಳಿತು. ಹಿಲರಿ ಉಷ್ಣ ಅಳೆಯುವ ಯಂತ್ರ ಇಟ್ಟು ನೋಡಿ ಎಲ್ಲ ಸರಿ ಇದೆ ಎಂದ. ನಾನು ಹಠ ಹಿಡಿದು ಬಿಚ್ಚಿಸಿದೆ. ಒಳಗೆ ಮರಳು ಕೂತು ಗ್ರೀಸ್ ಗಂಜಿಯಾಗಿತ್ತು. ಹಿಲರಿ ಆ ದಿನವೇ ಅಬು ನಾಸರ್‌ಗೆ ಫೋನ್ ಮಾಡಿ, ಇದನ್ನು ಸದಾಶಿವಣ್ಣ ಕಿವಿಯಿಂದಲೇ ಹಿಡಿದರು, ನನಗೆ ಗೊತ್ತಾಗಲಿಲ್ಲ ಎಂದು ಹೇಳಿದ. ನಾನಾಗಿದ್ದರೆ ಹೇಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಅದಕ್ಕೂ ಉರಿಯಿತು.

ಮನೆಯಲ್ಲಿ ಸುಮತಿ ಒಂದು ದಿನ ಅನ್ನ ಬಡಿಸುತ್ತಾ ನೇರವಾಗಿಯೇ ಹೇಳಿದಳು. "ನಿಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಹಿಲರಿ ಹೆಸರು ಬರ್ತದೆ. ನನ್ನ ಹೆಸರು ಒಂದು ಸಲ ಇಲ್ಲ. ಹೊಟ್ಟೆಕಿಚ್ಚಿಗೆ ಮದ್ದು ಇಲ್ಲ ಮಾರಾಯ್ರೆ, ಊಟ ಮಾಡಿ."

"ನನಗೆಂತ ಹೊಟ್ಟೆಕಿಚ್ಚು? ಅವನಿಗೆ ಇಂಜಿನ್ ಗೊತ್ತುಂಟಾ?"

"ಅದೇ ಹೇಳಿದ್ದು" ಎಂದು ಅವಳು ಸಾರಿನ ಪಾತ್ರೆ ನನ್ನ ಕಡೆ ತಳ್ಳಿದಳು.

ಈಗ ಗೋಡೆಯ ವಿಷಯಕ್ಕೆ ಬರುತ್ತೇನೆ. ಹಾಜಿಯ ಕ್ಯಾಬಿನ್ನಿನಲ್ಲಿ ಆಪರೇಟರ್ ಸೀಟಿನ ಹಿಂದೆ ಒಂದು ತಗಡಿನ ಗೋಡೆ ಇತ್ತು. ನಾನು ಬಂದಾಗಲೇ ಅದಕ್ಕೆ ಬೂದು ಬಣ್ಣ ಬಡಿದಿತ್ತು. ಹಿಲರಿ ಒಂದು ಚಳಿಗಾಲ ಆ ಬಣ್ಣದ ಒಂದು ಮೂಲೆಯನ್ನು ಹತ್ತಿ ಮತ್ತು ಸ್ಪಿರಿಟ್ ಹಿಡಿದು ಒರೆಸುತ್ತಾ ಕೂತ. ಕೆಳಗಿನಿಂದ ಕೆಂಪು ಅಕ್ಷರ ಎದ್ದಿತು. ಯುದ್ಧಕ್ಕೆ ಮುಂಚಿನ ಆಪರೇಟರುಗಳಲ್ಲಿ ಒಂದು ಪದ್ಧತಿ ಇತ್ತಂತೆ. ಕೆಲಸ ಬಿಟ್ಟು ಖಾಯಂ ಊರಿಗೆ ಹೊರಡುವವನು ಕೊನೆಯ ದಿನ ತುಕ್ಕು ತಡೆಯುವ ಕೆಂಪು ಬಣ್ಣದಲ್ಲಿ ಬ್ರಷ್ ಅದ್ದಿ ಸೀಟಿನ ಹಿಂದೆ ತನ್ನ ಹೆಸರು ಬರೆದು ಇಳಿಯುತ್ತಿದ್ದ. ಎರಡು ಚಳಿಗಾಲದಲ್ಲಿ ಹಿಲರಿ ಹನ್ನೊಂದು ಹೆಸರು ತೆಗೆದ. ದಿನಕ್ಕೆ ಅಂಗೈಯಷ್ಟು ಜಾಗ. ಮಲಯಾಳ, ಅರಬ್ಬಿ, ಉರ್ದು, ಇಂಗ್ಲಿಷ್. ಉರ್ದುವಿನ ಒಂದು ಹೆಸರು ಮಾತ್ರ ಮಕ್ಕಳು ಬರೆದ ಹಾಗೆ ದೊಡ್ಡದಾಗಿ, ಸೊಟ್ಟಗೆ ಇತ್ತು. ಗುಲ್ ಎಂದು ಓದಿಸಿಕೊಂಡೆವು.

ನಾನು ಆ ಗೋಡೆಗೆ ಬೆನ್ನು ಒರಗಿಸಿ ವರ್ಷಗಟ್ಟಲೆ ಊಟ ಮಾಡಿದ್ದೇನೆ. ನನ್ನ ಬೆನ್ನ ಹಿಂದೆ ಹನ್ನೊಂದು ಜನ ಇದ್ದದ್ದು ನನಗೆ ಗೊತ್ತಾಗಲಿಲ್ಲ, ರಾಯ್‌ನಿಂದ ಬಂದವನಿಗೆ ಗೊತ್ತಾಯಿತು. ಇದನ್ನು ನನ್ನಿಂದ ನುಂಗಲಾಗಲಿಲ್ಲ. ಅಷ್ಟರಲ್ಲಿ ಸಾಲ್ಮಿಯಾದ ಒಂದು ಹಾಲ್‌ನಲ್ಲಿ ನಮ್ಮ ಕಡೆಯವರ ಕೂಟ ನಡೆಯಿತು. ಅಲ್ಲಿ ಹಿಲರಿಯನ್ನು ಮಾತಿಗೆ ಕರೆದರು. ಅವನು ಗೋಡೆಯ ಚಿತ್ರಗಳನ್ನು ಪರದೆಗೆ ಹಾಕಿ, "ನಮ್ಮ ಹಾಜಿ" ಎಂದು ಶುರು ಮಾಡಿದ. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಬ್ಯಾಂಕಿನ ಒಬ್ಬರು ನನ್ನ ಪಕ್ಕದಲ್ಲಿ ಕೂತಿದ್ದವರು, "ನೀವೂ ಅಲ್ಲೇ ಎಂತದೋ ಕೆಲಸಕ್ಕಿರುವುದಲ್ವಾ?" ಎಂದು ಕೇಳಿದರು. ನಾನು ಐಸ್‌ಕ್ರೀಮ್ ಬಿಟ್ಟು ಎದ್ದು ಹೋದೆ.

ಮರುವರ್ಷ ಹಿಲರಿ ತಂಗಿಯ ಮದುವೆಗೆಂದು ಒಂದು ತಿಂಗಳ ರಜೆಯಲ್ಲಿ ಊರಿಗೆ ಹೋದ. ಹೋಗುವ ಮುಂಚೆ ಕ್ಯಾಬಿನ್ನಿನ ಬಾಗಿಲಿಗೆ ನಾಲ್ಕು ಭಾಷೆಯಲ್ಲಿ ಚೀಟಿ ಅಂಟಿಸಿದ, ಒಳಗೆ ಏನನ್ನೂ ಮುಟ್ಟಬೇಡಿ ಎಂದು. ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೀವು ಇದ್ದೀರಿ ಅಂತ ಧೈರ್ಯದಲ್ಲಿ ಹೋಗ್ತಾ ಇದ್ದೇನೆ" ಎಂದ.

ಅವನು ವಿಮಾನ ಹತ್ತಿದ ಮೂರನೇ ದಿನ ದೊಡ್ಡ ಅತಿಥಿಗಳು ಬರುತ್ತಾರೆ ಎಂದು ಸುದ್ದಿ ಬಂತು. "ಹಾಜಿ ನೀಟಾಗಿ ಕಾಣಬೇಕು" ಎಂದರು ಅಬು ನಾಸರ್. ಗಲ್ಫಿನಲ್ಲಿ ಗುತ್ತಿಗೆ ಕೆಲಸ ಮಾಡಿದ ಯಾರಿಗಾದರೂ ಈ ಮಾತಿನ ಅರ್ಥ ಗೊತ್ತು. ದೊಡ್ಡವರು ಬರುತ್ತಾರೆ ಎಂದರೆ ಬಣ್ಣ. ಫುಟ್‌ಪಾತ್ ಅಂಚಿಗೆ ಬಣ್ಣ, ಗೇಟಿಗೆ ಬಣ್ಣ, ನೀರಿನ ಟ್ಯಾಂಕಿಗೆ ಬಣ್ಣ. ತೊಳೆದು ಮೇಣ ಹಚ್ಚಿದರೆ ಸಾಕಿತ್ತು, ಅಬು ನಾಸರ್ ಮನಸ್ಸಿನಲ್ಲಿದ್ದದ್ದೂ ಬಹುಶಃ ಅಷ್ಟೇ. ನಾನು ಕೇಳಲು ಹೋಗಲಿಲ್ಲ. ಇಬ್ಬರು ಬಂಗಾಳಿ ಪೇಂಟರುಗಳನ್ನು ಕರೆಸಿ ಹಾಜಿಯ ಹೊರಮೈಗೆಲ್ಲ ಹೊಸ ಹಳದಿ ಬಡಿಸಿದೆ. ಹೊರಗಿನದು ಹೇಗೂ ಮೊದಲು ಹಳದಿಯೇ ಇತ್ತು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಒಳಗಿನದನ್ನು ನಾನೊಬ್ಬನೇ ಮಾಡಿದೆ. ಗುರುವಾರ ಮಧ್ಯಾಹ್ನ ಪೇಂಟರುಗಳನ್ನು ಬಸ್ಸಿಗೆ ಕಳಿಸಿ, ಚೀಟಿ ಕಿತ್ತು, ಬೀಗ ತೆಗೆದೆ. ಬಣ್ಣ ಬಡಿಯುವ ಮುಂಚೆ ತಗಡನ್ನು ಉಜ್ಜಬೇಕು, ಇಲ್ಲದಿದ್ದರೆ ಹೊಸ ಬಣ್ಣ ಕೂರುವುದಿಲ್ಲ. ಇದು ನಾನು ಹದಿನೆಂಟನೇ ವಯಸ್ಸಿನಲ್ಲಿ ಗ್ಯಾರೇಜಿನಲ್ಲಿ ಹೊಡೆತ ತಿಂದು ಕಲಿತ ಪಾಠ. ದೊರಗು ಸ್ಯಾಂಡ್‌ಪೇಪರ್ ಹಿಡಿದು ಮೇಲಿನಿಂದ ಕೆಳಗೆ ಉಜ್ಜಿದೆ. ಕೆಂಪು ಹುಡಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಕೊನೆಗೆ ಉಳಿದದ್ದು ಆ ಸೊಟ್ಟ ಅಕ್ಷರದ ಗುಲ್. ಅಲ್ಲಿಗೆ ಬಂದಾಗ ನನ್ನ ಕೈ ಒಂದು ಕ್ಷಣ ನಿಂತಿತು ಎಂದು ಬರೆಯಲು ಬಹಳ ಆಸೆ. ನಿಲ್ಲಲಿಲ್ಲ. ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಒರೆಸಿ, ಎರಡು ಕೋಟು ಹಳದಿ ಬಡಿದೆ. ಒಂದು ಹನಿ ಜಾರಲಿಲ್ಲ, ಒಂದು ಬ್ರಷ್ ಗುರುತು ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಪೇಂಟ್ ಮಾಡಿಲ್ಲ.

ಅತಿಥಿಗಳು ಬಂದರು. ಹಲ್ಲಿ ಆ ವರ್ಷ ಬೇರೆ ಕಡೆ ಹೋಗಿದ್ದರಿಂದ ನಾನು ಹಾಜಿಯನ್ನು ಸ್ಟಾರ್ಟ್ ಮಾಡಿದೆ. ಮೊದಲ ಸಲಕ್ಕೇ ಎದ್ದಿತು. ಚಪ್ಪಾಳೆ ಬಿತ್ತು, ಅಬು ನಾಸರ್ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಆ ಒಂದು ವಾರ ನಾನು ಹಿಲರಿಯ ಹೆಸರು ಎತ್ತಲಿಲ್ಲ. ಸುಮತಿ ಗಮನಿಸಿ, "ಎಂತ, ಗುಣ ಆಯ್ತಾ?" ಎಂದು ಕೇಳಿದಳು.

ಹಿಲರಿ ವಾಪಸು ಬಂದವನು ಸುಮತಿಗೆ ಎಂದು ಮದುವೆಯ ಸಿಹಿ ಪೊಟ್ಟಣ ತಂದಿದ್ದ. ಅದನ್ನು ನನ್ನ ಕೈಗೆ ಕೊಟ್ಟು ನೇರ ಕ್ಯಾಬಿನ್ ಹತ್ತಿದ. ನಾನು ಕೆಳಗೆ ಪೊಟ್ಟಣ ಹಿಡಿದುಕೊಂಡು ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಇಳಿದು ಬಂದ.

"ಒಳಗೆ ಯಾರು ಬಡಿದದ್ದು ಸದಾಶಿವಣ್ಣ?"

"ಲೇಬರಿನವರು. ಹೊರಗೆ ಮಾತ್ರ ಅಂತ ಸಾವಿರ ಸಲ ಹೇಳಿದ್ದೆ. ಕೇಳ್ತಾರಾ ಅವರು?"

ಅವನು ನನ್ನ ಮುಖವನ್ನೇ ನೋಡಿದ. ಅಬು ನಾಸರ್ ಮಾತ್ರ ಕೂಗಾಡಿ ಆ ಇಬ್ಬರು ಪೇಂಟರುಗಳನ್ನು ಬೇರೆ ಸೈಟಿಗೆ ಅಟ್ಟಿದರು. ಅವರಲ್ಲಿ ಹಿರಿಯವನು ಸಾಮಾನು ಕಟ್ಟಿಕೊಳ್ಳುತ್ತಾ ನನ್ನನ್ನು ನೋಡಿದ. ನಾನು ಸ್ಪ್ಯಾನರ್ ಎಣಿಸುತ್ತಿದ್ದೆ. ನಂತರ ಅಬು ನಾಸರ್ ನನ್ನ ಹತ್ತಿರ ಬಂದು, "ಖಲ್ಲಿ ವಲ್ಲಿ, ಹೋಗಲಿ ಬಿಡು, ಫೋಟೋ ಉಂಟಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಹಿಲರಿ ತನ್ನ ಕಾರಿನಲ್ಲಿ ಒಬ್ಬ ಮುದುಕರನ್ನು ಕರೆತಂದ. ಎತ್ತರದ ಪಠಾಣ, ಬಿಳಿ ಗಡ್ಡ, ತೊಳೆದು ಮಡಿಸಿದ ಸಲ್ವಾರ್ ಕಮೀಜ್. ಹೆಸರು ಜಮಾನ್ ಖಾನ್. ಜಹ್ರಾದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದವರು, ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಸಿ ಮುಂದಿನ ವಾರ ಪೇಶಾವರ ಕಡೆಗೆ ಖಾಯಂ ಹೋಗುವವರು. ಹಿಲರಿ ರಜೆಗೆ ಹೋಗುವ ಮುಂಚೆಯೇ ಗೋಡೆಯ ಹೆಸರಿನವರನ್ನು ಹುಡುಕಲು ಶುರು ಮಾಡಿದ್ದನಂತೆ. ಗುಲ್ ಇವರ ತಮ್ಮ. ಯುದ್ಧಕ್ಕೆ ಮುಂಚೆ ಹಾಜಿಯನ್ನು ಓಡಿಸಿದವನು, ಊರಿಗೆ ಹೋದ ಮರುವರ್ಷ ಜ್ವರದಲ್ಲಿ ತೀರಿಕೊಂಡವನು. ತಮ್ಮನ ಹೆಸರು ಇದೆ ಎಂದು ಕೇಳಿದಾಗಿನಿಂದ ಖಾನ್ ಚಾಚಾ ನೋಡಬೇಕು ಎನ್ನುತ್ತಿದ್ದರು. ಗೋಡೆ ಹೋಯಿತು ಎಂದು ಹಿಲರಿ ಫೋನಿನಲ್ಲಿ ಹೇಳಿದ್ದ. ಆದರೂ ಒಮ್ಮೆ ಬರುತ್ತೇನೆ ಎಂದರಂತೆ.

ಏಣಿ ಹತ್ತಲು ಅವರಿಗೆ ಕಷ್ಟವಾಯಿತು. ಹಿಲರಿ ಮೇಲಿನಿಂದ ಕೈ ಕೊಟ್ಟ, ನಾನು ಕೆಳಗಿನಿಂದ ಆನಿಸಿದೆ. ಮೂವರೂ ಸೀಟಿನ ಹಿಂದೆ ಒತ್ತಿಕೊಂಡು ನಿಂತೆವು. ಹಿಲರಿ ಗೋಡೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ ತಂದಿದ್ದ. ಅವರು ಅದನ್ನು ಮಡಿಸದೆ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಅಂಗೈಯನ್ನು ಹಳದಿ ತಗಡಿನ ಮೇಲೆ ಇಟ್ಟರು. ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. "ಯಹಾಂ ಥಾ?" ಇಲ್ಲೇ ಇತ್ತಾ ಎಂದು ಕೇಳಿದರು. ಹಿಲರಿ ಅವರ ಮಣಿಕಟ್ಟು ಹಿಡಿದು ಕೈಯನ್ನು ಒಂದು ಗೇಣು ಮೇಲೆ ಸರಿಸಿದ. ಅವರು ಅಲ್ಲಿಯೇ ಕೈ ಇಟ್ಟು ನಿಂತರು.

ನನಗೆ ಸುಮ್ಮನಿರಲು ಆಗಲಿಲ್ಲ. ಯಾರೂ ಕೇಳದಿದ್ದರೂ, "ಲೇಬರ್ ಲೋಗೋಂ ನೆ ಕಿಯಾ ಚಾಚಾ, ಅನ್ಪಢ್ ಲೋಗ್" ಎಂದೆ. ಲೇಬರಿನವರು ಮಾಡಿದ್ದು, ಓದು ಬರಹ ಇಲ್ಲದ ಜನ ಎಂದು.

ಹಿಲರಿ ತಿರುಗಿದ. ಕನ್ನಡದಲ್ಲಿ, ದನಿ ಎತ್ತದೆ ಹೇಳಿದ. "ಸದಾಶಿವಣ್ಣ, ಲೇಬರಿನವರು ಬಡಿದಿದ್ರೆ ಉಜ್ಜದೆ ಬಡೀತಿದ್ರು. ಎಲ್ಲಿಯೂ ಅವರು ಉಜ್ಜುವುದಿಲ್ಲ. ಕೆಳಗೆ ಹೆಸರು ಉಳೀತಿತ್ತು. ನಾನು ಮತ್ತೆ ತೆಗೀತಿದ್ದೆ. ಬಂದ ದಿನವೇ ಒಂದು ಮೂಲೆ ಒರೆಸಿ ನೋಡಿದ್ದೇನೆ. ಹಳದಿಯ ಕೆಳಗೆ ಬರೀ ಕಬ್ಬಿಣ."

ಇಷ್ಟು ಹೇಳಿ ಏಣಿ ಇಳಿದು ಕಾರಿನ ಕಡೆ ನಡೆದುಹೋದ.

ಖಾನ್ ಚಾಚಾ ನನ್ನ ಕಡೆ ನೋಡಿದರು. "ಕ್ಯಾ ಬೋಲಾ ಉಸ್ನೇ?" ಏನು ಹೇಳಿದ ಎಂದು.

ಅವನು ಎರಡು ವಾರ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನನ್ನ ಜೊತೆ ಚಾ ಕುಡಿದಿದ್ದ. ಅಬು ನಾಸರ್ ಬಳಿ ಒಂದು ಅಕ್ಷರ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಇಷ್ಟು ತಿಳಿದೂ ಸುಮ್ಮನಿರಲು ಇವನಿಗೆ ಹೇಗೆ ಸಾಧ್ಯವಾಯಿತು, ನನಗೆ ಯಾಕೆ ಒಂದು ದಿನವೂ ಆಗಲಿಲ್ಲ ಎಂದು. ನಾಚಿಕೆ ಬಂದದ್ದು ಅದರ ನಂತರ.

ಹಿಲರಿ ಹೇಳಿದ್ದನ್ನು ನಾನು ನನ್ನ ಹರಕು ಹಿಂದಿಯಲ್ಲಿ ಒಂದೊಂದೇ ಮಾತಾಗಿ ಚಾಚಾಗೆ ಹೇಳಿದೆ. ಲೇಬರಿನವರು ಮಾಡಿದ್ದರೆ ನಿಮ್ಮ ತಮ್ಮನ ಹೆಸರು ಕೆಳಗೆ ಉಳಿಯುತ್ತಿತ್ತು. ಉಜ್ಜಿದವನು ನಾನು. ಹೆಸರು ಇದೆ ಎಂದು ಗೊತ್ತಿದ್ದೇ ಉಜ್ಜಿದೆ.

"ಕ್ಯೋಂ?" ಎಂದರು. ಯಾಕೆ.

"ಅವನು ಹುಡುಕಿ ತೆಗೆದದ್ದು ಅಂತ" ಎಂದೆ. ಬೇರೆ ಕಾರಣ ಇರಲಿಲ್ಲ.

ಅವರು ಬಯ್ಯಲಿಲ್ಲ. ತಗಡಿನ ಮೇಲಿದ್ದ ಕೈಯನ್ನು ತೆಗೆಯಲೂ ಇಲ್ಲ. ಗುಲ್ ಶಾಲೆಗೆ ಹೋದವನಲ್ಲ ಎಂದರು. ಊರಿನಿಂದ ಹೊರಡುವ ಮುಂಚೆ ಪಾಸ್‌ಪೋರ್ಟಿಗೆ ಸಹಿ ಬೇಕಲ್ಲ ಎಂದು ತಾನೇ ಕೂರಿಸಿ ಹೆಸರು ಕಲಿಸಿದ್ದು, ಅವನಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ, ಅವನು ಬರೆದದ್ದು ಎಂದು ಮನೆಯಲ್ಲಿ ಬೇರೆ ಏನೂ ಇಲ್ಲ ಎಂದರು. ಆಮೇಲೆ ಇಳಿಯಲು ಹೊರಟರು. ನಾನು ಬೇಗ ಮುಂದೆ ಇಳಿದು ಕೆಳಗಿನಿಂದ ಕೈ ಚಾಚಿದೆ. ಅವರು ನನ್ನ ಕೈ ಹಿಡಿಯದೆ, ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು, ತಾವಾಗಿಯೇ ಇಳಿದರು.